ರೇವಾಡಿ ಸ್ಟೀಮ್ ಶೆಡ್‌ಗೆ ಹೋಗೋರು ಇದನ್ನ ಓದ್ಕೊಂಡು ಹೋಗಿ

ದಿಲ್ಲಿ ಟ್ರಿಪ್ ಪ್ಲಾನ್ ಮಾಡ್ತಿರೋರು, ಅದರಲ್ಲೂ ಮನೇಲಿ ರೈಲು ಹುಚ್ಚಿನ ಮಕ್ಕಳಿದ್ರೆ, ಕೆಂಪುಕೋಟೆ ಕುತುಬ್ ಮಿನಾರ್ ಜೊತೆ ಹರಿಯಾಣದ ರೇವಾಡಿಗೂ ಒಂದು ದಿನ ಇಟ್ಕೊಳ್ಳಿ, ಹಳೇ ಉಗಿ ಎಂಜಿನ್‌ಗಳನ್ನ ಇಟ್ಟಿರೋ ಸ್ಟೀಮ್ ಶೆಡ್ ಅಲ್ಲಿದೆ. ದಿಲ್ಲಿಯಿಂದ ಸುಮಾರು 80 ಕಿ.ಮೀ., ಜೈಪುರ ಕಡೆ ಹೋಗೋ ಟ್ರೈನುಗಳು ಸುಮಾರು ಅಲ್ಲಿ ನಿಲ್ತವೆ, ಗುರ್‌ಗಾಂವ್‌ನಲ್ಲಿ ಉಳ್ಕೊಂಡಿದ್ರೆ ಅಲ್ಲೇ ಹತ್ಕೋಬಹುದು, ಶೆಡ್ ಸ್ಟೇಷನ್ ಹತ್ರಾನೇ ಇದೆ. ಕಾರಲ್ಲಿ ಹೋದ್ರೆ ಟ್ರಾಫಿಕ್ಕಲ್ಲೇ ಸುಸ್ತಾಗುತ್ತೆ.

1873ರಲ್ಲಿ ದಿಲ್ಲಿಯಿಂದ ಇಲ್ಲಿಗೆ ಮೀಟರ್ ಗೇಜ್ (ಒಂದು ಮೀಟರ್ ಅಗಲದ ಹಳಿ) ರೈಲು ಬಂತು, ಶೆಡ್ ಕಟ್ಟಿದ್ದು 1893ರಲ್ಲಿ. 90ರ ದಶಕದಲ್ಲಿ ಸ್ಟೀಮ್ ನಿಂತ್ಮೇಲೆ ಮುಚ್ಚಿತ್ತು, 2002ರಲ್ಲಿ ರಿಪೇರಿ ಮಾಡಿ ಮತ್ತೆ ತೆಗೆದ್ರು. ಮೈಸೂರಿನ ರೈಲ್ ಮ್ಯೂಸಿಯಂ ನೋಡಿದೀವಲ್ಲ, ಇನ್ನೇನಿರುತ್ತೆ ಅನ್ಬೇಡಿ. ಮೈಸೂರಲ್ಲಿ ಎಂಜಿನ್‌ಗಳು ನಿಂತಲ್ಲೇ ನಿಂತಿವೆ, ಇಲ್ಲಿ ಕೆಲವಕ್ಕೆ ಈಗಲೂ ಬೆಂಕಿ ಹಾಕಿ ಓಡಿಸ್ತಾರೆ.

ಅದಕ್ಕೇ ಹೇಳೋದು, ಹೋಗೋ ಮುಂಚೆ ಫೋನ್ ಮಾಡಿ ಯಾವತ್ತು ಎಂಜಿನ್ ಸ್ಟೀಮ್ ಮಾಡ್ತಾರೆ ಅಂತ ಕೇಳ್ಕೊಂಡೇ ಡೇಟ್ ಫಿಕ್ಸ್ ಮಾಡಿ. ದಿನಾ ಮಾಡಲ್ಲ, ಯಾಕಂದ್ರೆ ತಣ್ಣಗಿರೋ ಬಾಯ್ಲರನ್ನ ಒಂದೇ ಸಲ ಕಾಯಿಸಿದ್ರೆ ಒಂದು ಕಡೆ ಜಾಸ್ತಿ ಹಿಗ್ಗಿ ಟ್ಯೂಬ್ ಸೋರೋಕೆ ಶುರುವಾಗುತ್ತೆ, ಗಂಟೆಗಟ್ಟಲೆ ನಿಧಾನಕ್ಕೆ ಉರಿ ಏರಿಸ್ಬೇಕು. ಹಾಗಾಗಿ ಸ್ಟೀಮ್ ಇರೋ ದಿನ ಆದಷ್ಟು ಬೆಳಿಗ್ಗೇನೇ ಹೋಗಿ, ಉದ್ದ ಮೂತಿ ಎಣ್ಣೆ ಕ್ಯಾನ್ ಹಿಡ್ಕೊಂಡು ಒಬ್ರು ಚಕ್ರದ ರಾಡ್‌ಗಳ ಕೀಲು ಕೀಲಿಗೂ ಎಣ್ಣೆ ಬಿಡ್ತಾ ಬರ್ತಾರೆ, ಆ ಚಕ್ರ ಆಳೆತ್ತರ ಇದೆ ಕಣ್ರೀ, ಕಲ್ಲಿದ್ದಲ ಹೊಗೆ ಬಿಸಿ ಎಣ್ಣೆ ವಾಸನೆ ಎಲ್ಲಾ ಸೇರಿ ಎಂಜಿನ್‌ಗೆ ಜೀವ ಬಂದಂಗೇ ಅನ್ಸುತ್ತೆ. ನನಗಂತೂ ಅದು ಓಡೋದಕ್ಕಿಂತ ಈ ತಯಾರಿ ನೋಡೋದೇ ಇಷ್ಟ ಆಯ್ತು.

ಮಿಸ್ ಮಾಡ್ಲೇಬಾರದು ಅಂದ್ರೆ ಅಕ್ಬರ್ ಅನ್ನೋ ಎಂಜಿನ್, 1965ರಲ್ಲಿ ನಮ್ಮ ಚಿತ್ತರಂಜನ್ ಫ್ಯಾಕ್ಟರಿಯಲ್ಲೇ ಮಾಡಿದ್ದು, ಆಮೇಲೆ ಆಜಾದ್, 1947ರಲ್ಲಿ ಅಮೆರಿಕದ ಬಾಲ್ಡ್‌ವಿನ್ ಕಂಪನಿ ಮಾಡಿದ್ದು. ಎರಡೂ ಡಬ್ಲ್ಯೂಪಿ ಕ್ಲಾಸ್, ಅಂದ್ರೆ ಪ್ಯಾಸೆಂಜರ್ ರೈಲು ಎಳೀತಿದ್ದ ಬ್ರಾಡ್ ಗೇಜ್ (ಅಗಲ ಹಳಿ) ಎಂಜಿನ್‌ಗಳು, ಗುಂಡು ಮೂತಿ ಮೇಲೆ ನಕ್ಷತ್ರ. 1855ರ ಫೇರಿ ಕ್ವೀನ್ ಅನ್ನೋ ಎಂಜಿನ್ ಕೂಡ ಈ ಶೆಡ್‌ದೇ, ಆದ್ರೆ ಅದನ್ನ ಆಗಾಗ ಹೊರಗೆ ಕಳಿಸ್ತಾರೆ, ಫೋನ್ ಮಾಡಿದಾಗ ಅದನ್ನೂ ಕೇಳಿ.

ಡಿಸೆಂಬರ್ ಜನವರಿಯಲ್ಲಿ ಮಂಜಿಗೆ ಟ್ರೈನ್ ಗಂಟೆಗಟ್ಟಲೆ ಲೇಟಾಗುತ್ತೆ, ಬೇಸಿಗೆ ಬಿಸಿಲು ನಮ್ಮ ಕಡೆಯವರಿಗೆ ಆಗಲ್ಲ, ನವೆಂಬರ್ ಇಲ್ಲಾ ಫೆಬ್ರವರಿ ಕೊನೆ ಒಳ್ಳೇದು. ಬಿಳಿ ಬಟ್ಟೆ ಬೇಡ, ಮಸಿ ಹಾರುತ್ತೆ. ಸೀಟಿ ಹೊಡೆದ್ರೆ ಚಿಕ್ಕ ಮಕ್ಕಳು ಬೆಚ್ಚಿಬೀಳ್ತಾರೆ, ಸ್ವಲ್ಪ ದೂರ ನಿಲ್ಲಿಸ್ಕೊಳ್ಳಿ.