ತಲೆಯಾಡಿಸಿದ ತಪ್ಪಿಗೆ

"ಸರ್ವರಿನ ಮೇಲಿನ ಹೊರೆ ಶೇಕಡ 10 ಹೆಚ್ಚಾದರೆ ಕಾಯುವ ಸಮಯವೂ ಶೇಕಡ 10 ಹೆಚ್ಚೀತು, ಅಷ್ಟೇ ತಾನೇ?" ಎಂದು ಮಂಗಳವಾರದ ಸಭೆಯಲ್ಲಿ ನಮ್ಮ ವ್ಯವಸ್ಥಾಪಕರು ಕೇಳಿದಾಗ ನಾನು ತಲೆಯಾಡಿಸಿದೆ. ಉತ್ತರ ಗೊತ್ತಿದ್ದೂ ಆಡಿಸಿದ ಆ ತಲೆ ವಾರವಿಡೀ ನನಗೆ ಭಾರವಾಗಿದೆ.

ನಮ್ಮ ಸರ್ವರ್ ಆಗಲೇ ತನ್ನ ಸಾಮರ್ಥ್ಯದ ಶೇಕಡ 85ರಷ್ಟು ದುಡಿಯುತ್ತಿತ್ತು. ಇನ್ನೊಂದು ವಿಭಾಗದ ಕೆಲಸವೂ ಸೇರಿದ್ದರಿಂದ ಅದು 93.5ಕ್ಕೆ ಏರಿತು. ಟೆಲಿಫೋನ್ ಕರೆಗಳ ದಟ್ಟಣೆಯ ಬಗ್ಗೆ ಡೆನ್ಮಾರ್ಕಿನ ಗಣಿತಜ್ಞ ಎರ್ಲಾಂಗ್ 1909ರಲ್ಲೇ ಪ್ರಕಟಿಸಿದ ಲೇಖನದಿಂದ ಬೆಳೆದ ಸರತಿಸಾಲಿನ ಗಣಿತ ಹೇಳುವುದು ಇಷ್ಟೇ: ಸಾಲಿನ ಉದ್ದವನ್ನು ತೀರ್ಮಾನಿಸುವುದು ಏರಿದ ಹೊರೆಗಿಂತ ಹೆಚ್ಚಾಗಿ ಉಳಿದಿರುವ ಬಿಡುವು. ನಮ್ಮ ಬಿಡುವು 15ರಿಂದ 6.5ಕ್ಕೆ, ಅಂದರೆ ಅರ್ಧಕ್ಕಿಂತಲೂ ಕೆಳಗೆ ಇಳಿದಿತ್ತು. ಬಿಡುವು ಎಷ್ಟು ಪಟ್ಟು ಕುಗ್ಗುತ್ತದೋ ಸಮಯ ಅಷ್ಟೇ ಪಟ್ಟು ಹಿಗ್ಗುತ್ತದೆ. ಸರಾಸರಿ 200 ಮಿಲಿಸೆಕೆಂಡಿನಲ್ಲಿ ಬರುತ್ತಿದ್ದ ಉತ್ತರ ಸುಮಾರು 460ಕ್ಕೆ ಹೋಗಬೇಕಿತ್ತು, ಹೋಯಿತು.

ಅಲ್ಲಿಗೇ ನಿಂತಿದ್ದರೆ ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಎರಡು ಸೆಕೆಂಡಿನೊಳಗೆ ಉತ್ತರ ಬಾರದಿದ್ದರೆ ಅದೇ ವಿನಂತಿಯನ್ನು ಮತ್ತೆ ಕಳುಹಿಸುವಂತೆ ನಾವೇ ಬಳಕೆದಾರರ ಕಡೆಯ ಪ್ರೋಗ್ರಾಂ ಬರೆದಿದ್ದೆವು. ಸರಾಸರಿ 460 ಇದ್ದರೂ ನೂರರಲ್ಲಿ ಒಂದೋ ಎರಡೋ ವಿನಂತಿಗಳು ಆ ಗಡಿ ದಾಟುತ್ತವೆ. ಅವು ಮರಳಿ ಬಂದು ಸಾಲನ್ನು ಇನ್ನಷ್ಟು ಬೆಳೆಸುತ್ತವೆ, ಬೆಳೆದ ಸಾಲು ಇನ್ನಷ್ಟು ವಿನಂತಿಗಳನ್ನು ಗಡಿ ದಾಟಿಸುತ್ತದೆ. ಕಾಯುವ ಸಮಯವನ್ನು ತೋರಿಸುವ ಪರದೆಯ ಮೇಲಿನ ಗೆರೆ ಸುಮಾರು ಹೊತ್ತು ನೆಲಕ್ಕೆ ಅಂಟಿಕೊಂಡಂತೆ ಹರಿದು, ಇದ್ದಕ್ಕಿದ್ದಂತೆ ಹೆಡೆಯೆತ್ತಿ ನಿಂತಿತು.

ಕೂಡಲೇ ಹೊಸ ವಿಭಾಗದ ಕೆಲಸವನ್ನು ತೆಗೆದುಹಾಕಿದೆವು. ಪಕ್ಕದಲ್ಲಿದ್ದ ಕಿರಿಯ ಸಹೋದ್ಯೋಗಿ ಪರದೆಯನ್ನೇ ನೋಡುತ್ತ, "ಸರ್, ತೆಗೆದರೂ ಇಳಿಯುತ್ತಿಲ್ಲವಲ್ಲ" ಎಂದಳು. ನನಗೆ ನಿಜವಾಗಿ ಬೆವರು ಬಂದದ್ದು ಆಗ. ಹೊರೆ ಹಿಂದಿನಷ್ಟಕ್ಕೇ ಮರಳಿದ್ದರೂ ವ್ಯವಸ್ಥೆ ಹಿಂದಿನ ಸ್ಥಿತಿಗೆ ಮರಳಿರಲಿಲ್ಲ. ಮರುಪ್ರಯತ್ನಗಳೇ ಅದನ್ನು ಕೆಳಗೆ ಅದುಮಿ ಹಿಡಿದಿದ್ದವು. ಏರಿದ ಮೆಟ್ಟಿಲಿನಲ್ಲೇ ಇಳಿಯಬಹುದೆಂಬ ನಮ್ಮ ನಂಬಿಕೆ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಬರುವ ವಿನಂತಿಗಳನ್ನೆಲ್ಲ ಕೆಲವು ನಿಮಿಷ ಬಾಗಿಲಲ್ಲೇ ತಿರಸ್ಕರಿಸಿ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಒಳಬಿಡೋಣ ಎಂದವಳೂ ಅವಳೇ. ನಮ್ಮಲ್ಲಿ ಅತ್ಯಂತ ಕಡಿಮೆ ಅನುಭವದವಳು, ಆ ದಿನ ಅತ್ಯಂತ ಹೆಚ್ಚು ಸಮಾಧಾನದಿಂದ ಇದ್ದವಳು.

ವ್ಯವಸ್ಥಾಪಕರನ್ನು ದಡ್ಡರೆನ್ನಲಾರೆ, ಲೆಕ್ಕದಲ್ಲಿ ನನಗಿಂತ ಚುರುಕು. ಆದರೆ ಅವರ ಲೆಕ್ಕವೆಲ್ಲ ಅಡಿಕೋಲಿನದು: ಎರಡು ಬಿಂದು ಸಿಕ್ಕರೆ ಮೂರನೆಯದು ಅದೇ ಗೆರೆಯ ಮೇಲಿರಲೇಬೇಕು. ಶೇಕಡ 40ರಿಂದ 44ಕ್ಕೆ ಏರಿದ್ದರೆ ಅವರ ಮಾತು ಹೆಚ್ಚುಕಡಿಮೆ ನಿಜವೇ ಆಗುತ್ತಿತ್ತು. ವಕ್ರರೇಖೆಯ ಆರಂಭದ ತುಂಡು ನೇರಗೆರೆಯಂತೆಯೇ ಕಾಣುತ್ತದೆ. ವರ್ಷಗಟ್ಟಲೆ ಅಲ್ಲೇ ಓಡಾಡಿಕೊಂಡಿದ್ದವರಿಗೆ ಅನುಭವವೇ ತಪ್ಪು ಪಾಠ ಕಲಿಸಿಬಿಡುತ್ತದೆ. ನನ್ನದು ಅದಕ್ಕಿಂತ ಕೀಳು ತಪ್ಪು. ಸೂತ್ರ ಗೊತ್ತಿತ್ತು, ಸಭೆ ಬೇಗ ಮುಗಿಯಲೆಂದು ತಲೆಯಾಡಿಸಿದೆ.

ಶುಕ್ರವಾರ ಅವರು ಮತ್ತೆ ಕೇಳಿದರು: "ಹಾಗಾದರೆ ಬರೀ ಶೇಕಡ 5 ಹೆಚ್ಚಿಸಿದರೆ?"

"ಎಷ್ಟರ ಮೇಲೆ, ಸರ್?" ಎಂದೆ.