ಮೈದಾ ಅಂಟು, ಬಿದಿರು ಕಡ್ಡಿ, ಹಿಂಗಾರು ಮಳೆ

ಮೊದಲ ಆಕಾಶಬುಟ್ಟಿ ಮಾಡಿದ್ದು ನಮ್ಮನೆ ಬಾಗಿಲಿಗೇ. ಅಗ್ರಹಾರದ ನಮ್ಮ ಬೀದಿ ಚಿಕ್ಕದು, ಒಬ್ಬರ ದೀಪ ಹತ್ತು ಮನೆಗೆ ಕಾಣುತ್ತೆ. ಎದುರುಮನೆ ಆಂಟಿ, "ನಂಗೂ ಒಂದು ಮಾಡ್ಕೊಡಮ್ಮ, ದುಡ್ಡು ಕೊಡ್ತೀನಿ" ಅಂದ್ರು. ನಾಚಿಕೆಯಾಯ್ತು. ಆದ್ರೂ 150 ರೂಪಾಯಿ ತಗೊಂಡೆ.

ಕಷ್ಟ ಇರೋದು ಬಿದಿರಲ್ಲಿ. ಕಡ್ಡೀನ ರಾತ್ರಿಯೆಲ್ಲ ನೀರಲ್ಲಿ ನೆನೆಹಾಕಿ, ಗಂಟಿರೋ ಕಡೆ ಚಾಕುವಿನಲ್ಲಿ ಹೆರೆದು ಆಮೇಲೆ ಬಗ್ಗಿಸಬೇಕು. ಗಂಟು ಉಳೀತೋ, ಅಲ್ಲೇ ಲಟಕ್ ಅನ್ನುತ್ತೆ. ಅಂಟು ಮೈದಾದ್ದು. ಚಿಟಿಕೆ ಮೈಲುತುತ್ತ ಬೆರೆಸಿದ್ರೆ ಹುಳ ಹತ್ತಲ್ಲ (ವಿಷ ಅದು, ಮಕ್ಕಳ ಕೈಗೆ ಸಿಗಬಾರದು).

ಎರಡನೇ ವರ್ಷ ಧೈರ್ಯ ಮಾಡಿ 40 ಆರ್ಡರ್ ಹಿಡಿದೆ. ದೀಪಾವಳಿಗೆ ಮೂರೇ ದಿನ, ಹಿಂಗಾರು ಮಳೆ ಸುರೀತು. ತಾರಸಿ ಮೇಲೆ ಒಣಗೋಕಿಟ್ಟಿದ್ದ 18 ಬುಟ್ಟಿ ಮುದ್ದೆ! ಮಳೇನ ಏನಂತ ಬೈಯೋದು, ದಡ್ಡಿ ನಾನೇ. ಅವತ್ತಿಂದ ಹೊರಗೆ ತೂಗೋದಕ್ಕೆ ಬಟ್ಟೆ, ಒಳಗಷ್ಟೇ ಕಾಗದ.

ದಸರೆಗೆ ಅರಮನೆ ಮೇಲೆ ಹತ್ತಿರತ್ತಿರ 1 ಲಕ್ಷ ಬಲ್ಬು ಹತ್ತುತ್ತೆ. ಅದನ್ನ ಬಾಯಿಬಿಟ್ಟು ನೋಡಿ ಬಂದವರೇ ನನ್ನ 5 ವಾಟಿನ ಬುಟ್ಟಿ ಮುಂದೆ ನಿಂತು ಚೌಕಾಸಿ ಮಾಡ್ತಾರೆ.

ಈಗ ಗಣೇಶನ ಹಬ್ಬ ಮುಗೀತಿದ್ದಂಗೇ ಆರ್ಡರ್ ಶುರು. ಲೆಕ್ಕ ಬರೆಯೋದು ನಮ್ಮತ್ತೆ. ಉದ್ರಿ ಪುಟ ಮಾತ್ರ ನಂಗೆ ತೋರಿಸಲ್ಲ.