ಬಟನ್ ಗುಲಾಬಿಯ ಕುಂಡಗಳಲ್ಲಿ ಗುಂಗುರು ನೊಣ: ಆರು ವಾರಗಳ ದಾಖಲೆ

ಜುಲೈ 5. ಕಲಬುರಗಿಯ ನಮ್ಮ ಮನೆಯ ಮಾಳಿಗೆಯ ಮೇಲೆ 12 ಕುಂಡಗಳಲ್ಲಿ ಬಟನ್ ಗುಲಾಬಿ ಬೆಳೆಸುತ್ತಿದ್ದೇನೆ. ಏಪ್ರಿಲ್ ಮತ್ತು ಮೇ ತಿಂಗಳ ಬಿಸಿಲನ್ನು ನೆರಳು ಬಲೆಯ ಕೆಳಗೆ ತಾಳಿಕೊಂಡ ಗಿಡಗಳು ಮಳೆ ಹಿಡಿದ ಮೇಲೆ ಚಿಗುರಬೇಕಿತ್ತು. ಆದರೆ ಅವುಗಳ ಕೆಳಗಿನ ಎಲೆಗಳು ಹಳದಿಯಾಗಿ ಉದುರುತ್ತಿವೆ. ನೀರು ಹಾಕಲು ಕುಂಡವನ್ನು ಮುಟ್ಟಿದರೆ ಸಾಕು, ಎಳ್ಳಿನಷ್ಟು ಸಣ್ಣ ಕರಿ ನೊಣಗಳು ಮಣ್ಣಿನಿಂದೆದ್ದು ಮುಖದ ಸುತ್ತ ಹಾರುತ್ತವೆ. ಎರಡು ವಾರದಿಂದ ಸಂಜೆಯ ಹೊತ್ತು ಬೇವಿನ ಬೀಜದ ಕಷಾಯವನ್ನು ಸಿಂಪಡಿಸುತ್ತಿದ್ದೇನೆ. ನಮ್ಮ ಭಾಗದಲ್ಲಿ ತೊಗರಿಯ ಕಾಯಿಕೊರಕಕ್ಕೆ ಬಳಸುವ ಅದೇ ಕಷಾಯ: ಒಂದು ಲೀಟರ್ ನೀರಿಗೆ 50 ಗ್ರಾಂ ಬೀಜದ ಪುಡಿಯನ್ನು ರಾತ್ರಿಯಿಡೀ ನೆನೆಸಿ ಸೋಸಿದ್ದು. ನೊಣಗಳು ಒಂದಿಷ್ಟೂ ಕಡಿಮೆಯಾಗಿಲ್ಲ.

ಜುಲೈ 8. ಊರಿನಿಂದ ಬಂದಿದ್ದ ಸೋದರಮಾವ ಸ್ವಲ್ಪ ಹೊತ್ತು ನೋಡುತ್ತಾ ನಿಂತು, "ಮೊದ್ಲ ಮಣ್ಣ ಮುಟ್ಟಿ ನೋಡವ್ವ, ಬರೀ ಎಲಿಗಿ ಯಾಕ ಹೊಡಿಲಾಕತ್ತಿ?" ಎಂದರು. ಬೆರಳಿಟ್ಟರೆ ಮಣ್ಣು ಅಂಟಂಟಾಗಿತ್ತು. ಕುಂಡವನ್ನು ಎತ್ತಿದಾಗ ಕಾರಣವೂ ಕಂಡಿತು: ಕುಂಡಗಳನ್ನು ಶಹಾಬಾದ್ ಪರಸಿಯ ಮೇಲೆ ನೇರವಾಗಿ ಇಟ್ಟಿದ್ದರಿಂದ ತಳದ ರಂಧ್ರಗಳು ಕಲ್ಲಿಗೆ ಕಚ್ಚಿಕೊಂಡು, ನೀರು ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಅದರ ಮೇಲೆ ನಾನು ತುಂಬಿದ್ದು ಹೊಲದ ಎರೆಮಣ್ಣು ಮತ್ತು ತೆಂಗಿನ ನಾರಿನ ಪುಡಿ; ಎರಡೂ ನೀರನ್ನು ಹಿಡಿದಿಡುವಂಥವು. ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲ ನೀರು ಹಾಕುತ್ತಿದ್ದ ರೂಢಿಯನ್ನು ಮಳೆಗಾಲದಲ್ಲೂ ಬಿಟ್ಟಿರಲಿಲ್ಲ.

ಮಣ್ಣಿನಲ್ಲಿ ಮರಿಹುಳುಗಳಿದ್ದರೆ ಮೇಯಲು ಬಂದು ಸೇರಲೆಂದು ಅಂದು ಸಂಜೆಯೇ ಆಲೂಗಡ್ಡೆಯ ದಪ್ಪ ಹೋಳುಗಳನ್ನು ನಾಲ್ಕು ಕುಂಡಗಳ ಮಣ್ಣಿಗೆ ಒತ್ತಿ ಇಟ್ಟೆ.

ಜುಲೈ 10. ಹೋಳುಗಳನ್ನು ತಿರುವಿ ನೋಡಿದೆ. ಒಂದರ ಅಡಿಯಲ್ಲಿ ಒಂಬತ್ತು ಮರಿಹುಳುಗಳಿದ್ದವು. ದಾರದ ತುಂಡಿನಂತೆ ತೆಳ್ಳಗೆ, ಒಳಗಿನ ಕರುಳು ಕಾಣುವಷ್ಟು ಪಾರದರ್ಶಕವಾಗಿ, ತಲೆ ಮಾತ್ರ ಸಾಸಿವೆ ಸಿಪ್ಪೆಯ ಚೂರಿನಂತೆ ಕಪ್ಪಗೆ ಹೊಳೆಯುತ್ತಿತ್ತು. ಇವು ಫಂಗಸ್ ನ್ಯಾಟ್ ಎಂಬ ಗುಂಗುರು ನೊಣದ ಮರಿಗಳು. ಹಸಿ ಮಣ್ಣಿನ ಬೂಸ್ಟು ಮತ್ತು ಕೊಳೆತ ಕಸವೇ ಇವುಗಳ ಮುಖ್ಯ ಆಹಾರ. ಸಂಖ್ಯೆ ಹೆಚ್ಚಿದಾಗ ಎಳೆ ಬೇರುಗಳನ್ನೂ ಮೇಯುತ್ತವೆ. ಹಾರುವ ನೊಣದ ಆಯುಷ್ಯ ಸುಮಾರು ಒಂದು ವಾರ. ಅಷ್ಟರಲ್ಲಿ ಅದು ಮಣ್ಣಿನ ಮೇಲ್ಪದರದಲ್ಲಿ ನೂರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ನಾನು ಕಷಾಯ ಹೊಡೆದದ್ದು ಎಲೆಗೆ, ಸಂತಾನ ಬೆಳೆಯುತ್ತಿದ್ದದ್ದು ಬೇರಿನ ಬಳಿ.

ಜುಲೈ 12. ಕುಂಡಗಳನ್ನು ಇಟ್ಟಿಗೆ ಚೂರುಗಳ ಮೇಲೆ ಎತ್ತರಿಸಿ, ಮಣ್ಣಿನ ಮೇಲೆ ಎರಡು ಸೆಂಟಿಮೀಟರ್ ದಪ್ಪಕ್ಕೆ ತೊಳೆದ ದಪ್ಪ ಮರಳನ್ನು ಹರಡಿದೆ. ಗುಲಾಬಿಯ ಬೇರನ್ನು ಪೂರ್ತಿ ಒಣಗಿಸಿದರೆ ಗಿಡವೇ ಹೋಗುತ್ತದೆ, ಅದೇ ನನ್ನ ದೊಡ್ಡ ಚಿಂತೆಯಾಗಿತ್ತು. ಆದ್ದರಿಂದ ಮೇಲಿನಿಂದ ನೀರು ಹಾಕುವುದನ್ನು ನಿಲ್ಲಿಸಿ, ಒಂದು ಅಂಗುಲ ಆಳಕ್ಕೆ ಮಣ್ಣು ಒಣಗಿದ ಮೇಲೆ ಮಾತ್ರ ಕುಂಡವನ್ನು ನೀರಿನ ತಟ್ಟೆಯಲ್ಲಿ ಇಪ್ಪತ್ತು ನಿಮಿಷ ಇಟ್ಟು ತೆಗೆಯುತ್ತಿದ್ದೇನೆ. ಸೊಳ್ಳೆ ಮರಿಗಳಿಗೆ ಬಳಸುವ ಬಿ.ಟಿ.ಐ. ಎಂಬ ಬ್ಯಾಕ್ಟೀರಿಯಾದ ಪುಡಿಯನ್ನು ವಾರಕ್ಕೊಮ್ಮೆ ಅದೇ ನೀರಿಗೆ ಬೆರೆಸುತ್ತೇನೆ. ಅದು ತನ್ನನ್ನು ತಿಂದ ಮರಿಯನ್ನಷ್ಟೇ ಕೊಲ್ಲುತ್ತದೆ, ಕೋಶವನ್ನೂ (ಮರಿ ನೊಣವಾಗುವ ಮುಂಚಿನ ಹಂತ) ನೊಣವನ್ನೂ ಮುಟ್ಟುವುದಿಲ್ಲ. ಹಾಗಾಗಿ ಒಂದೇ ಸಲ ಹಾಕಿ ಫಲ ನಿರೀಕ್ಷಿಸುವುದು ತಪ್ಪು. ಹಾರುವವುಗಳಿಗಾಗಿ ಹಳದಿ ಅಂಟು ಹಾಳೆಯ ನಾಲ್ಕು ತುಂಡುಗಳನ್ನು ಮಣ್ಣಿನ ಮಟ್ಟದಲ್ಲೇ ನೆಟ್ಟಿದ್ದೇನೆ.

ಜುಲೈ 19. ನಾಲ್ಕು ತುಂಡುಗಳಲ್ಲಿ ಒಟ್ಟು 83 ನೊಣ.

ಜುಲೈ 26. 61. ಮನಸ್ಸು ಕುಗ್ಗಿತು. ಆದರೆ ಮೊಟ್ಟೆಯಿಂದ ನೊಣವಾಗಲು ಸುಮಾರು ಮೂರು ವಾರ ಬೇಕು. ಈಗ ಹಾರುತ್ತಿರುವವು ನಾನು ನೀರು ತಡೆಯುವ ಮೊದಲೇ ಮೊಟ್ಟೆಯಾಗಿದ್ದವು.

ಆಗಸ್ಟ್ 9. 14. ಆಲೂಗಡ್ಡೆಯ ಹೋಳಿನಡಿ ಒಂದು ಮರಿಯೂ ಇಲ್ಲ.

ಆಗಸ್ಟ್ 16. 5. ಒಂಬತ್ತು ಗಿಡಗಳಲ್ಲಿ ಕೆಂಪು ಚಿಗುರು ಬಂದಿದೆ. ಉಳಿದ ಮೂರರಲ್ಲಿ ಮೊಗ್ಗುಗಳ ಅಂಚು ಕಂದುಬಣ್ಣಕ್ಕೆ ತಿರುಗಿದ್ದರಿಂದ ಹೂವೊಂದನ್ನು ಬಿಳಿ ಹಾಳೆಯ ಮೇಲೆ ತಟ್ಟಿದೆ. ಕೂದಲೆಳೆಯಂಥ ಹಳದಿ ಹುಳುಗಳು ಹಾಳೆಯ ಮೇಲೆ ಓಡಾಡಿದವು. ಇವು ಥ್ರಿಪ್ಸ್, ಇರುವುದು ಹೂವಿನೊಳಗೆ. ಹಾಳಾದ ಮೊಗ್ಗುಗಳನ್ನೆಲ್ಲ ಕತ್ತರಿಸಿ, ಕಟ್ಟಿದ ಚೀಲದಲ್ಲಿ ಮಾಳಿಗೆಯಿಂದ ಕೆಳಗಿಳಿಸಿ, ಆ ಮೂರು ಕುಂಡಗಳನ್ನು ಬೇರೆ ಮೂಲೆಗೆ ಸರಿಸಿದ್ದೇನೆ. ಬೇವಿನ ಕಷಾಯಕ್ಕೆ ಬೀಜ ನೆನೆಹಾಕಿದ್ದೇನೆ. ನಾಳೆ ಸಂಜೆ ಅದನ್ನು ಈ ಮೂರಕ್ಕೆ ಸಿಂಪಡಿಸುತ್ತೇನೆ.